ಕೊಕ್ಕೆ ಮನೇಲಿ, ನಾವು ಕೆರೆ ಏರಿ ಮೇಲೆ: ಮೀನು ಬೇಟೆಗೆ ಹೊರಡುವವರು ಸಾಮಾನು ಮರೆಯದಿರಲು, ಕಳೆಯದಿರಲು

ಬೆಳಗಿನ ಜಾವ ಐದೂವರೆ. ಬಂಗಾರಪೇಟೆ ಕಡೆಯ ಒಂದು ಕೆರೆ. ಏರಿ ಮೇಲೆ ಬೈಕ್ ನಿಲ್ಲಿಸಿ, ಒದ್ದೆ ಹುಲ್ಲು ತುಳಿದುಕೊಂಡು ನೀರಿನ ಹತ್ತಿರ ಹೋಗಿ ಕೂತೆವು. ನನ್ನ ಬಿದಿರು ಕಡ್ಡಿ ಇತ್ತು. ಭಾವನ ಹೊಸ ರೀಲ್ ರಾಡ್ ಇತ್ತು. ಎರೆಹುಳು ಇತ್ತು, ಚಿತ್ರಾನ್ನ ಇತ್ತು, ಫ್ಲಾಸ್ಕಿನಲ್ಲಿ ಬಿಸಿ ಟೀ ಕೂಡ ಇತ್ತು. ಭಾವ ಕೈ ಚಾಚಿ, "ಕೊಕ್ಕೆ ಡಬ್ಬಿ ಕೊಡು" ಅಂದರು.

ಚೀಲಕ್ಕೆ ಕೈ ಹಾಕಿದೆ. ತಡಕಿದೆ. ಆಮೇಲೆ ಚೀಲವನ್ನೇ ಬೋರಲು ಹಾಕಿ ಕೊಡವಿದೆ. ಒಂದು ರಬ್ಬರ್ ಬ್ಯಾಂಡು, ಹಳೇ ಬಸ್ ಟಿಕೆಟ್ಟು, ನಾಲ್ಕು ಕಡಲೆಬೀಜ ಬಿದ್ದವು.

"ಎಲ್ಲಿಟ್ಟಿದ್ದೀಯೋ?"

"ಟೀವಿ ಸ್ಟ್ಯಾಂಡ್ ಮೇಲೆ."

ಭಾವ ಏನೂ ಬೈಯಲಿಲ್ಲ. ಟೀ ಬಗ್ಗಿಸಿಕೊಂಡು ಕುಡಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆ ಡಬ್ಬಿ ಟೀವಿ ಹತ್ತಿರ ಹೋಗಿದ್ದು ಹೇಗೆ ಗೊತ್ತಾ? ಹಿಂದಿನ ರಾತ್ರಿ ಕೊಕ್ಕೆಗಳಿಗೆ ತುಕ್ಕು ಹಿಡಿಯದಿರಲಿ ಅಂತ ಕೊಬ್ಬರಿ ಎಣ್ಣೆ ಸವರಲು ನಾನೇ ಹೊರಗೆ ತೆಗೆದಿದ್ದೆ. ಅಂದರೆ ಅವತ್ತು ಎಲ್ಲಕ್ಕಿಂತ ಜಾಸ್ತಿ ಮುತುವರ್ಜಿ ವಹಿಸಿದ ವಸ್ತುವೇ ಮನೇಲಿ ಉಳಿಯಿತು. ಆಮೇಲೆ ಗಮನಿಸುತ್ತಾ ಬಂದೆ. ನಮ್ಮ ಗುಂಪಿನಲ್ಲಿ ಯಾರು ಏನೇ ಮರೆತಿರಲಿ, ಬಹುಪಾಲು ಇದೇ ಕಥೆ. ಚಾಕು ಅಡುಗೆಮನೆಗೆ ಹೋಗಿರುತ್ತದೆ. ಟಾರ್ಚ್ ಕರೆಂಟ್ ಹೋದಾಗ ಕೊಟ್ಟಿಗೆಗೆ ಹೋಗಿರುತ್ತದೆ. ಬಕೆಟ್ ಬಟ್ಟೆ ನೆನೆಸಲು ಹೋಗಿರುತ್ತದೆ. ಮರೆವಿನ ರೋಗ ಯಾರಿಗೂ ಇಲ್ಲ. ಸಾಮಾನು ಎದ್ದು ಹೋಗಿರುತ್ತದೆ, ನಾವು ಅದು ಅಲ್ಲೇ ಇದೆ ಅಂದುಕೊಂಡಿರುತ್ತೇವೆ, ಅಷ್ಟೇ.

ಅಂದಹಾಗೆ, ಬೇಟೆ ಅಂದೆ. ನಮ್ಮ ತಾತಂದಿರ ಕಾಲದಲ್ಲಿ ಈ ಕಡೆ ಬೇಟೆ ಅಂದರೆ ಮೊಲಕ್ಕೆ ಬಲೆ ಕಟ್ಟೋದು, ಕಾಡುಹಂದಿ ಹಿಂದೆ ಓಡೋದು. ಈಗ ಆ ಮಾತು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲ ಹಿಡಿದರೂ ಕೇಸೇ. ನಮಗೆ ಉಳಿದಿರುವ ಬೇಟೆ ಗಾಳದ್ದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಲ್ಲಿ ಅದಕ್ಕೇನು ಬರ? ವರ್ಷವಿಡೀ ಹರಿಯುವ ಹೊಳೆ ಇಲ್ಲದ ಸೀಮೆ ನಿಜ, ಆದರೆ ಕೆರೆ ಎಣಿಸಿ ಮುಗಿಯಲ್ಲ.

ಮೊದಲು: ಐದು ಬೆರಳಿನ ಲೆಕ್ಕ

ದೊಡ್ಡ ಪಟ್ಟಿ ಬರೆದು ಗೋಡೆಗೆ ಅಂಟಿಸಬೇಡಿ. ನಾನು ಅಂಟಿಸಿದ್ದೆ, ಮೂವತ್ತೆರಡು ಸಾಮಾನಿನದು. ಎರಡನೇ ವಾರಕ್ಕೆ ಅದು ಕ್ಯಾಲೆಂಡರ್ ಥರ ಆಯಿತು. ಗೋಡೆ ಮೇಲೆ ಇರುತ್ತದೆ, ಯಾರೂ ಓದಲ್ಲ.

ಬದಲಿಗೆ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದು ಕೆರೆ ಹತ್ತಿರ ಸಿಗುತ್ತಾ? ಸಿಗುವಂಥದ್ದು ಮರೆತರೂ ಪರವಾಗಿಲ್ಲ. ಸಿಗದಿದ್ದದ್ದು ಮಾತ್ರ ಬೆರಳ ಮೇಲೆ ಇರಲಿ. ನನ್ನ ಲೆಕ್ಕದಲ್ಲಿ ಅಂಥವು ಐದೇ ಐದು.

ಹೆಬ್ಬೆರಳು, ಕೊಕ್ಕೆ. ತೋರುಬೆರಳು, ದಾರ. ನಡುಬೆರಳು, ಕುಡಿಯುವ ನೀರು. ಉಂಗುರಬೆರಳು, ಟಾರ್ಚು. ಕಿರುಬೆರಳು, ಬೈಕಿನ ಎರಡನೇ ಕೀ.

ಹೊಸಿಲು ದಾಟುವ ಮುಂಚೆ ಬೆರಳು ಮಡಿಸುತ್ತಾ ಬಾಯಿಬಿಟ್ಟು ಹೇಳಿ. ಬರೀ ಹೇಳಿದರೆ ಸಾಲದು, ಒಂದೊಂದನ್ನೂ ಮುಟ್ಟಬೇಕು. "ಡಬ್ಬಿ ಇದೆ" ಅನ್ನೋದಲ್ಲ, ಡಬ್ಬಿ ಮುಚ್ಚಳ ತೆಗೆದು ಕೊಕ್ಕೆ ನೋಡಬೇಕು. ಒಮ್ಮೆ ಡಬ್ಬಿ ತಂದಿದ್ದೆ, ಒಳಗೆ ಮಗಳ ಹೇರ್‌ಪಿನ್ ಇದ್ದವು. ಮನೆಯವರು ನಗುತ್ತಾರೆ, ನಗಲಿ ಬಿಡಿ.

ಐದರಲ್ಲಿ ನೀರು ಯಾಕೆ ಅಂತ ಕೆಲವರು ಕೇಳುತ್ತಾರೆ. ಕೆರೆಗೇ ಹೋಗ್ತಿದ್ದೀವಲ್ಲ ಅಂತಾರೆ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಚಿಕ್ಕಬಳ್ಳಾಪುರ ಕಡೆಗೆ ಅದೇ ಥರದ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ನೀರು. ಎರಡು ಹಂತದಲ್ಲಿ ಸಂಸ್ಕರಿಸಿದ ಆ ನೀರು ಅಂತರ್ಜಲ ತುಂಬಿಸೋಕೆ, ಕುಡಿಯೋಕಲ್ಲ. ಪಕ್ಕದ ತೋಟದ ಬೋರ್‌ವೆಲ್ ಇದೆಯಲ್ಲ ಅಂದರೆ, ನಮ್ಮ ಸೀಮೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಆ ಕಥೆ ಇಲ್ಲಿ ಎಲ್ಲರಿಗೂ ಗೊತ್ತಿರೋದೇ. ಊರ ಬಾಗಿಲಲ್ಲೇ ನಾಣ್ಯ ಹಾಕುವ ಶುದ್ಧ ನೀರಿನ ಘಟಕ ಇರುತ್ತದೆ, ಕ್ಯಾನು ತುಂಬಿಸಿಕೊಂಡೇ ಹೊರಡಿ. ಏಪ್ರಿಲ್ ಬಿಸಿಲಲ್ಲಿ ಹನ್ನೊಂದು ಗಂಟೆಗೆ ಬಾಯಿ ಒಣಗಿದಾಗ ಕೊಕ್ಕೆ ಯಾರಿಗೂ ನೆನಪಾಗಲ್ಲ. ಬುತ್ತಿ ಬಿಚ್ಚುವ ಮುಂಚೆ ಕೈ ತೊಳೆಯೋಕೂ ಅದೇ ಕ್ಯಾನು ಬೇಕು.

ಇನ್ನೊಂದಿದೆ, ಬೆರಳಿಗೆ ಸೇರಿಸಿಲ್ಲ, ಯಾಕಂದರೆ ಅದು ಹೊರಡುವ ದಿನದ ಕೆಲಸ ಅಲ್ಲ. ಅನುಮತಿ. ಕೆರೆಯಲ್ಲಿರುವ ಮೀನು ಸುಮ್ನೆ ಹುಟ್ಟಿದ್ದಲ್ಲ. ದೊಡ್ಡ ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆ ಮೂಲಕ ಮೀನುಗಾರರ ಸಹಕಾರ ಸಂಘಕ್ಕೋ ಟೆಂಡರ್ ಹಿಡಿದವರಿಗೋ ಹೋಗಿರುತ್ತದೆ. ಸಣ್ಣ ಕೆರೆಯಾದರೆ ಪಂಚಾಯ್ತಿಯಲ್ಲಿ ಕೇಳಬೇಕು. ದುಡ್ಡು ಕೊಟ್ಟು ಮರಿ ತಂದು ಬಿಟ್ಟವರು ಇರುತ್ತಾರೆ. ಎರಡು ದಿನ ಮುಂಚೆ ಅವರನ್ನು ಕೇಳಿ, ಹೂಂ ಅಂದವರ ನಂಬರನ್ನು ಫೋನಿನಲ್ಲಿ ಮಾತ್ರ ಅಲ್ಲ, ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ಕಾವಲಿನವನು ಬಂದು "ಯಾರು ಹೇಳಿದ್ರು ನಿಮಗೆ?" ಅಂದಾಗ ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ಏರಿ ಮೇಲೆ ನಿಂತು ಬೆವರಬೇಕಾಗುತ್ತದೆ. ಬೇಡ ಅಂದರೆ ಬೇಡ, ಬೇರೆ ಕೆರೆ ನೋಡಿ.

ಚೀಲ ಬಿಡಿ, ಪೇಂಟ್ ಬಕೆಟ್ ಇಡಿ

ಚೀಲದ ತೊಂದರೆ ಏನಂದರೆ ಮನೇಲಿ ಎಲ್ಲರಿಗೂ ಚೀಲ ಬೇಕು. ಸಂತೆಗೆ ಬೇಕು, ತವರಿಗೆ ಬೇಕು, ಟೊಮೆಟೊ ತರೋಕೆ ಬೇಕು. ಹಾಗೆ ಹೋಗುವಾಗ ಒಳಗಿನದ್ದನ್ನೆಲ್ಲ ಕಿಟಕಿ ಮೇಲೆ ಸುರಿದು ಹೋಗುತ್ತಾರೆ.

ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಇಪ್ಪತ್ತು ಲೀಟರಿನ ಖಾಲಿ ಬಕೆಟ್ ಒಂದನ್ನು ಎತ್ತಿಟ್ಟುಕೊಳ್ಳಿ. ಚೆನ್ನಾಗಿ ಉಜ್ಜಿ ತೊಳೆದು ಎರಡು ದಿನ ಬಿಸಿಲಿಗೆ ಬಿಡಿ. ಮುಚ್ಚಳ ಗಟ್ಟಿ ಇರಬೇಕು. ಹೋಗುವಾಗ ಅದು ಪೆಟ್ಟಿಗೆ, ಕೆರೆ ಹತ್ತಿರ ಅದೇ ಮಣೆ, ಬರುವಾಗ ಮೀನಿನ ಬುಟ್ಟಿ. ಮೀನು ಹಾಕುವಾಗ ಸಣ್ಣ ಸಾಮಾನೆಲ್ಲ ಜಿಪ್ ಇರುವ ಒಂದು ಸಣ್ಣ ಬ್ಯಾಗಿಗೆ ಹೋಗಬೇಕು. ಆ ಬ್ಯಾಗ್ ಯಾವಾಗಲೂ ಬಕೆಟ್ ಒಳಗೇ ಇರಲಿ.

ಈ ಬಕೆಟ್ಟಿನ ಶಾಸ್ತ್ರ ಒಂದೇ. ಇದರಲ್ಲಿರುವುದು ಮನೆ ಕೆಲಸಕ್ಕೆ ಬರಬಾರದು, ಮನೆ ಕೆಲಸದ್ದು ಇದರೊಳಗೆ ಬರಬಾರದು. ಅಡುಗೆಮನೆ ಚಾಕುವನ್ನೇ ಒಯ್ಯುತ್ತೇನೆ ಅಂದರೆ ಒಂದು ದಿನ ಅದು ಮರೆತುಹೋಗುತ್ತದೆ. ಇಲ್ಲವೇ ಮೀನು ಕುಯ್ದ ಚಾಕು ವಾಪಸ್ ತರಕಾರಿ ಬುಟ್ಟಿ ಸೇರಿ ದೊಡ್ಡ ಜಗಳವಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬೇರೆ ಚಾಕು, ಬೇರೆ ಕತ್ತರಿ, ಒಂದು ಸಣ್ಣ ಇಕ್ಕಳ, ಅಗ್ಗದ ಟಾರ್ಚ್ ಒಂದು ತಂದು ಹಾಕಿಬಿಡಿ. ಒಟ್ಟು ಖರ್ಚು ಒಂದು ಸಲ ಬರಿಗೈಲಿ ಕೆರೆಗೆ ಹೋಗಿ ಬರುವ ಪೆಟ್ರೋಲಿಗಿಂತ ಬಹಳ ಜಾಸ್ತಿ ಆಗಲ್ಲ.

ಕೊಕ್ಕೆಗಳನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ. ನನ್ನ ಪಾಠ ಅದು. ಐದಾರು ಕೊಕ್ಕೆಗಳನ್ನು ಹಳೇ ಥರ್ಮಾಕೋಲ್ ತುಂಡಿಗೆ ಚುಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಬೈಕಿನ ಟೂಲ್ ಬಾಕ್ಸಿನಲ್ಲಿ ಹಾಕಿ ಮರೆತುಬಿಡಿ. ಅದರ ಜೊತೆಗೆ ಹತ್ತು ಮೀಟರ್ ದಾರ ಒಂದು ಕಡ್ಡಿಪೆಟ್ಟಿಗೆಗೆ ಸುತ್ತಿಟ್ಟಿರಿ. ಬೈಕ್ ಮರೆತು ಕೆರೆಗೆ ಹೋಗೋಕೆ ಆಗಲ್ಲ, ಅಲ್ವಾ?

ಹಿಂದಿನ ರಾತ್ರಿ ಮಾಡುವ ಕೆಲಸ

ಕಡಿಮೆ ಇದೆ. ಟಾರ್ಚ್ ಹಾಕಿ ನೋಡಿ. ಫೋನ್ ಚಾರ್ಜಿಗೆ ಹಾಕಿ. ಎರೆಹುಳು ಡಬ್ಬಿಯಲ್ಲಿ ಹಸಿ ಮಣ್ಣಿದೆಯಾ ನೋಡಿ, ಮುಚ್ಚಳಕ್ಕೆ ತೂತು ಇದೆಯಾ ನೋಡಿ. ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಡುವ ಧೈರ್ಯ ನಿಮಗಿದ್ದರೆ ಅದು ನಿಮ್ಮ ಸಂಸಾರದ ವಿಷಯ.

ರಿಪೇರಿಗೆ ಅಂತ ಯಾವುದನ್ನಾದರೂ ಬಕೆಟ್ಟಿನಿಂದ ಹೊರಗೆ ತೆಗೆದಿರೋ, ಆ ಜಾಗದಲ್ಲಿ ನಿಮ್ಮ ಒಂದು ಚಪ್ಪಲಿ ಹಾಕಿಡಿ. ನಗಬೇಡಿ, ನಾನು ಈಗಲೂ ಹೀಗೇ ಮಾಡುವುದು. ಬೆಳಿಗ್ಗೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಯಾರೂ ಹೊರಡಲ್ಲ. ಇನ್ನೊಂದು ಚಪ್ಪಲಿ ಹುಡುಕುತ್ತಾ ಬಕೆಟ್ ಮುಚ್ಚಳ ತೆಗೆಯುತ್ತೀರಿ, ಆಗ ಏನು ಹೊರಗಿದೆ ಅಂತ ನೆನಪಾಗುತ್ತದೆ.

ಕೆರೆ ಹತ್ತಿರ ಕೂತ ಮೇಲೆ

ಮನೇಲಿ ಮರೆತದ್ದು ಮನೇಲಿರುತ್ತದೆ. ಕೆರೆ ಅಂಗಳದಲ್ಲಿ ಬೀಳಿಸಿದ್ದು ಮಾತ್ರ ಕಳೆದೇ ಹೋಗುತ್ತದೆ. ನಮ್ಮ ಕೆರೆಗಳ ಅಂಚು ಗೊತ್ತಲ್ಲ, ಒಂದು ಕಡೆ ಜೊಂಡು, ಒಂದು ಕಡೆ ಜಾಲಿ ಮುಳ್ಳು, ನಡುವೆ ಎಮ್ಮೆ ತುಳಿದ ಕೆಸರು. ಕತ್ತರಿ ಕೈ ತಪ್ಪಿ ಬಿದ್ದರೆ ಎಮ್ಮೆ ಹೆಜ್ಜೆಯ ಗುಂಡಿಯೊಳಗೇ ಹೋಗಿ ಕೂರುತ್ತದೆ.

ಕೂತ ತಕ್ಷಣ ಒಂದು ಬಿಳಿ ಟವೆಲ್ಲೋ ಗೊಬ್ಬರದ ಚೀಲವೋ ಹಾಸಿ. ಎಲ್ಲಾ ಸಾಮಾನು ಅದರ ಮೇಲೆ. ಹುಲ್ಲಿನ ಮೇಲೆ ಒಂದು ನಿಮಿಷಕ್ಕೂ ಏನನ್ನೂ ಇಡಬಾರದು. ಅಂಗಡಿಯಲ್ಲಿ ಸಿಗುವ ಕತ್ತರಿ, ಇಕ್ಕಳಗಳ ಹಿಡಿ ಕಪ್ಪು ಇಲ್ಲವೇ ಹಸಿರು ಇರುತ್ತದೆ. ಕೆರೆ ಹತ್ತಿರ ಕಳೆದುಹೋಗಲಿ ಅಂತಲೇ ಮಾಡಿದ ಹಾಗೆ. ಅವಕ್ಕೆ ಕೆಂಪೋ ಹಳದಿಯೋ ಇನ್ಸುಲೇಷನ್ ಟೇಪ್ ಸುತ್ತಿ. ಕತ್ತರಿಗೆ ಒಂದು ಮೊಳ ದಾರ ಕಟ್ಟಿ ಬಕೆಟ್ ಹಿಡಿಗೆ ಗಂಟು ಹಾಕಿ.

ಬೈಕ್ ಕೀ ಅಂಗಿ ಜೇಬಿನಲ್ಲಿ ಬೇಡವೇ ಬೇಡ. ಮೀನು ಎಳೆಯೋಕೆ ಬಗ್ಗಿದಾಗ ಜೇಬಿನಲ್ಲಿರುವುದೆಲ್ಲ ಗಂಗಮ್ಮನಿಗೆ. ಫೋನ್ ಕೂಡ ಹಾಗೇ ಹೋಗುವುದು. ಪ್ಯಾಂಟಿನ ಜೇಬಿಗೆ ಹಾಕಿ ಪಿನ್ನು ಚುಚ್ಚಿ, ಇಲ್ಲವೇ ಉಡಿದಾರಕ್ಕೆ ಕಟ್ಟಿಕೊಳ್ಳಿ. ನಮ್ಮ ಹಳಬರು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ. ಎರಡನೇ ಕೀ ನಿಮ್ಮ ಹತ್ತಿರವೇ ಇರಬಾರದು, ಜೊತೆಗೆ ಬಂದವರ ಹತ್ತಿರ ಇರಬೇಕು. ಒಬ್ಬರೇ ಹೋಗಿದ್ದರೆ ಬಕೆಟ್ ಮುಚ್ಚಳದ ಒಳಭಾಗಕ್ಕೆ ಟೇಪ್ ಹಾಕಿ ಅಂಟಿಸಿ.

ಕಡ್ಡಿಯನ್ನು ನೆಲಕ್ಕೆ ಚುಚ್ಚಿಟ್ಟು ಊಟಕ್ಕೆ ಕೂರುವವರೇ, ದೊಡ್ಡ ಕಾಟ್ಲಾ ಮೀನು ಸಿಕ್ಕಿದರೆ ಕಡ್ಡಿ ಸಮೇತ ಹೋಗುತ್ತದೆ. ಬುಡಕ್ಕೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯಿರಿ. ಭಾವನ ಹೊಸ ರೀಲ್ ರಾಡ್ ಹೀಗೇ ಹೋಯಿತು. ಹತ್ತು ಹೆಜ್ಜೆ ದೂರದಲ್ಲಿ ನೀರ ಮೇಲೆ ಜಾರುತ್ತಾ ಹೋಗುವುದು ಕಾಣುತ್ತಿತ್ತು. ಅವರು ಲುಂಗಿ ಎತ್ತಿ ಕಟ್ಟಿದರು. ನಾನು ಹಿಂದಿನಿಂದ ತಬ್ಬಿ ಹಿಡಿದುಕೊಂಡೆ.

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಏನೇ ಹೋಗಲಿ, ನೀರಿಗೆ ಇಳಿಯಬೇಡಿ. ನಮ್ಮ ಕೆರೆಗಳಲ್ಲಿ ಮಣ್ಣು ತೆಗೆದ ಗುಂಡಿಗಳಿವೆ. ಬೇಸಿಗೆಯಲ್ಲಿ ಇಟ್ಟಿಗೆಗೋ ಹೊಲಕ್ಕೋ ಜೆಸಿಬಿ ತಂದು ತೋಡಿರುತ್ತಾರೆ, ಮಳೆ ಬಂದ ಮೇಲೆ ಮೇಲಿನಿಂದ ಏನೂ ಕಾಣಲ್ಲ. ಮೊಣಕಾಲುದ್ದ ನೀರಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಹೋಗುತ್ತಾನೆ. ಹೂಳಿನಲ್ಲಿ ಕಾಲು ಸಿಕ್ಕಿಕೊಂಡರೆ ಈಜು ಬಂದರೂ ಪ್ರಯೋಜನವಿಲ್ಲ. ಭಾವನ ರಾಡ್ ಸಿಗಲಿಲ್ಲ. ಅಕ್ಕನಿಗೆ ನಾನು ಹೇಳಿದ್ದು ರಾಡ್ ಹೋಯಿತು ಅಂತ ಮಾತ್ರ.

ಮರೆತೇಬಿಟ್ಟಿದ್ದೀರಾ? ಸುತ್ತ ನೋಡಿ

ಬೆಂಡು, ಅಂದರೆ ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಸುವ ತುಂಡು, ಮರೆತಿದ್ದರೆ ಚಿಂತೆಯಿಲ್ಲ. ಹಳೇ ಹವಾಯಿ ಚಪ್ಪಲಿ ತುಂಡು ಯಾವ ಕೆರೆ ದಡದಲ್ಲಿಲ್ಲ ಹೇಳಿ? ಹೆಬ್ಬೆರಳಷ್ಟು ಕತ್ತರಿಸಿ, ನಡುವೆ ಸೀಳಿ ದಾರ ಸಿಕ್ಕಿಸಿದರೆ ಆಯಿತು. ಮೊದಲು ನಾವೆಲ್ಲ ಮೀನು ಹಿಡಿದದ್ದೇ ಇದರಲ್ಲಿ. ಒಣಗಿದ ಜೋಳದ ದಂಟಿನ ಒಳಗಿನ ಬೆಂಡೂ ಆಗುತ್ತದೆ, ಆದರೆ ಒಂದು ಗಂಟೆಗೆ ನೀರು ಕುಡಿದು ಮುಳುಗುತ್ತದೆ.

ದಾರ ಮುಳುಗಿಸಲು ಭಾರಕ್ಕೆ ಕಟ್ಟುವ ಸೀಸ ಮರೆತಿದ್ದರೆ ಒಂದು ಸಣ್ಣ ನಟ್ಟು ಕಟ್ಟಿ. ಬೈಕಿನದನ್ನು ಬಿಚ್ಚಬೇಡಿ, ಬಿಚ್ಚಿದವರನ್ನು ನೋಡಿದ್ದೇನೆ. ಉದ್ದನೆಯ ಸಣ್ಣ ಕಲ್ಲಿಗೆ ದಾರ ಸುತ್ತಿದರೂ ಸಾಕು.

ಎರೆಹುಳು ಮರೆತಿದ್ದರೆ ತಿಪ್ಪೆಯ ತಂಪು ಬದಿ ಕೆದಕಿ. ತುಮಕೂರಿನ ಕಡೆಯಾದರೆ ಅಡಿಕೆ ತೋಟದ ಕಾಲುವೆ ಬದಿ. ತೋಟದವರನ್ನು ಕೇಳಿಯೇ ಕೆದಕಿ. ಅದೂ ಇಲ್ಲದಿದ್ದರೆ ಬುತ್ತಿಯ ರಾಗಿಮುದ್ದೆ ಇದೆಯಲ್ಲ. ಗಟ್ಟಿ ಮುದ್ದೆಯನ್ನು ಅಂಗೈಯಲ್ಲಿ ಇನ್ನಷ್ಟು ನಾದಿ, ಕಡಲೆಕಾಳಿನ ಗಾತ್ರ ಉಂಡೆ ಮಾಡಿ ಕೊಕ್ಕೆಯ ತುದಿ ಮುಚ್ಚುವ ಹಾಗೆ ಅಂಟಿಸಿ. ಮೆತ್ತಗಿದ್ದರೆ ನೀರಿಗೆ ಬಿದ್ದ ಕೂಡಲೇ ಕರಗುತ್ತದೆ. ಜಿಲೇಬಿ ಮೀನು ಮುದ್ದೆಗೆ ಚೆನ್ನಾಗಿ ಬರುತ್ತದೆ. ರೋಹುಗೂ ಹಿಟ್ಟು ಇಷ್ಟ. ಕೊರಮೀನಿಗೆ ಮಾತ್ರ ಜೀವ ಇರುವ ಹುಳುವೇ ಆಗಬೇಕು. ಮುದ್ದೆ ಕೊಟ್ಟರೆ ಅದು ತಿರುಗಿಯೂ ನೋಡಲ್ಲ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಮುದ್ದೆ ಬೇಡ ಅನ್ನೋ ಪ್ರಾಣಿ ಇದೊಂದೇ ಇರಬೇಕು.

ಕೊಕ್ಕೆ ಮರೆತಿದ್ದರೆ ಬದಲಿ ಇಲ್ಲ. ಸೇಫ್ಟಿ ಪಿನ್ ಬಗ್ಗಿಸಿ ನೋಡಿದ್ದೇನೆ. ಅದಕ್ಕೆ ಮೀನು ತಡೆಯುವ ಹಿಮ್ಮುಳ್ಳು ಇರುವುದಿಲ್ಲ, ಮೀನು ಹುಳು ತಿಂದು ಹೋಗುತ್ತದೆ. ಚಿತ್ರಾನ್ನ ತಿಂದು ಮನೆಗೆ ಬನ್ನಿ.

ಕಳೆದದ್ದನ್ನು ಹುಡುಕುವ ರೀತಿ

ಕಳೆದಿದೆ ಅಂತ ಗೊತ್ತಾದ ಕ್ಷಣ ಎಲ್ಲರೂ ಮಾಡುವ ತಪ್ಪು ಒಂದೇ, ಅತ್ತಿತ್ತ ಓಡಾಡುವುದು. ಹಾಗೆ ಓಡಾಡಿ ಇದ್ದದ್ದನ್ನೂ ಕೆಸರಿಗೆ ತುಳಿಯುತ್ತೇವೆ. ನಿಂತಲ್ಲೇ ನಿಲ್ಲಿ. ಆ ಜಾಗಕ್ಕೆ ಒಂದು ಚಪ್ಪಲಿ ಬಿಟ್ಟು ಗುರುತು ಮಾಡಿ. ಕೊನೆಯ ಸಲ ಅದನ್ನು ಕೈಯಲ್ಲಿ ಹಿಡಿದದ್ದು ಎಲ್ಲಿ, ಆಮೇಲೆ ಯಾವ ಕಡೆ ಬಗ್ಗಿದಿರಿ, ಎಲ್ಲಿ ಕೂತಿರಿ, ಅಷ್ಟನ್ನು ಯೋಚಿಸಿ. ಮೊದಲು ಬಕೆಟ್ ಒಳಗೆ, ಟವೆಲ್ ಮಡಿಕೆಯೊಳಗೆ ನೋಡಿ. ಅರ್ಧ ಸಲ ಅಲ್ಲೇ ಇರುತ್ತದೆ.

ಕತ್ತಲಾಗಿದ್ದರೆ ಟಾರ್ಚನ್ನು ಮೇಲಿನಿಂದ ಬಿಡಬೇಡಿ. ಕುಕ್ಕರುಗಾಲಲ್ಲಿ ಕೂತು, ಟಾರ್ಚನ್ನು ನೆಲಕ್ಕೆ ತಾಗಿಸುವಷ್ಟು ಕೆಳಗೆ ಹಿಡಿದು ಅಡ್ಡಕ್ಕೆ ಬೆಳಕು ಹರಿಸಿ. ಹುಲ್ಲಿನ ನಡುವೆ ಇರುವ ಕೀ ಮಿಣುಕುತ್ತದೆ, ಇಲ್ಲವೇ ಅದರ ಉದ್ದ ನೆರಳು ಬೀಳುತ್ತದೆ. ಮೇಲಿನಿಂದ ಹಾಕಿದ ಬೆಳಕಲ್ಲಿ ಎಲ್ಲವೂ ಒಂದೇ ಥರ ಕಾಣುತ್ತದೆ. ಹಾವು ಓಡಾಡುವ ಹೊತ್ತು, ಬರಿಗೈಲಿ ಹುಲ್ಲು ಕೆದಕಬೇಡಿ. ಕಡ್ಡಿಯಲ್ಲಿ ಕೆದಕಿ.

ನನ್ನ ಬಕೆಟ್ಟಿನ ತಳದಲ್ಲಿ ಒಂದು ಆಯಸ್ಕಾಂತ ಇದೆ. ಕೆಟ್ಟುಹೋದ ಸ್ಪೀಕರಿನಿಂದ ಬಿಚ್ಚಿದ್ದು, ದುಂಡಗೆ, ಸಣ್ಣ ಒಬ್ಬಟ್ಟಿನಷ್ಟಿದೆ. ಅದಕ್ಕೆ ಎರಡು ಮಾರು ಗಟ್ಟಿ ದಾರ ಕಟ್ಟಿದ್ದೇನೆ. ಹುಲ್ಲಿನ ಮೇಲೆ ನಿಧಾನಕ್ಕೆ ಎಳೆದರೆ ಬಿದ್ದ ಕೊಕ್ಕೆಗಳು ಟಕ್ ಅಂತ ಅಂಟಿಕೊಳ್ಳುತ್ತವೆ. ದಡದ ಪಕ್ಕದ ನೀರಿಗೆ ಬಿದ್ದ ಕೀಯನ್ನು ಇದರಿಂದಲೇ ಎರಡು ಸಲ ಎತ್ತಿದ್ದೇನೆ. ಹಿತ್ತಾಳೆಯ ಕೀ ಆಯಸ್ಕಾಂತಕ್ಕೆ ಅಂಟಲ್ಲ, ಆದರೆ ಅದನ್ನು ಹಾಕಿದ ಉಕ್ಕಿನ ಬಳೆ ಅಂಟುತ್ತದೆ. ಅದಕ್ಕೇ ಕೀಗೆ ಯಾವಾಗಲೂ ಒಂದು ದಪ್ಪ ಉಕ್ಕಿನ ಬಳೆ ಇರಲಿ. ಸ್ಟೇನ್‌ಲೆಸ್ ಸ್ಟೀಲಿನದು ಕೆಲವು ಸಲ ಅಂಟಲ್ಲ, ಮನೇಲೇ ಒಮ್ಮೆ ಅಂಟಿಸಿ ನೋಡಿಕೊಳ್ಳಿ.

ಕೊಕ್ಕೆ ಒಂದು ರೂಪಾಯಿಯೋ ಎರಡು ರೂಪಾಯಿಯೋ, ಹೋದರೆ ಹೋಗಲಿ ಅಂತ ಬಿಟ್ಟು ಬರಬೇಡಿ. ಆ ಅಂಗಳದಲ್ಲಿ ಸಂಜೆ ಕುರಿ ಮೇಯುತ್ತವೆ, ಹುಡುಗರು ಬರಿಗಾಲಲ್ಲಿ ಕ್ರಿಕೆಟ್ ಆಡುತ್ತಾರೆ. ಕಡಿದ ನೈಲಾನ್ ದಾರವೂ ಅಷ್ಟೇ. ಜಾಲಿಗೆ ಸಿಕ್ಕಿದ ದಾರದಲ್ಲಿ ಒಂದು ಬೆಳ್ಳಕ್ಕಿ ಕಾಲು ಸುತ್ತಿಕೊಂಡು ನೇತಾಡುತ್ತಿದ್ದದ್ದನ್ನು ಬಿಡಿಸಿದ್ದೇವೆ. ಕೊಕ್ಕಿನಲ್ಲಿ ಕುಕ್ಕಿ ಭಾವನ ಕೈ ರಕ್ತ ಮಾಡಿತು.

ಫೋನ್ ನೀರಿಗೆ ಬಿದ್ದು ಸಿಕ್ಕಿದರೆ ತಕ್ಷಣ ಆಫ್ ಮಾಡಿ. ಸಿಮ್ ತೆಗೆಯಿರಿ, ಒರೆಸಿ, ಗಾಳಿಯಾಡುವ ನೆರಳಲ್ಲಿ ಇಡಿ. ಆನ್ ಆಗುತ್ತಾ ಅಂತ ಐದು ನಿಮಿಷಕ್ಕೊಮ್ಮೆ ಒತ್ತಿ ನೋಡುವ ಚಪಲ ಬೇಡ, ಚಾರ್ಜಿಗಂತೂ ಹಾಕಲೇಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದರಿಂದ ಅಕ್ಕಿ ಪುಡಿ ತೂತಿನೊಳಗೆ ಹೋಗುತ್ತದೆ, ಅಷ್ಟೇ ಲಾಭ.

ಹೊರಡುವಾಗ, ಮನೆಗೆ ಬಂದ ಮೇಲೆ

ಜಾಸ್ತಿ ಸಾಮಾನು ಕಳೆಯುವುದು ಹೊರಡುವ ಹತ್ತು ನಿಮಿಷದಲ್ಲಿ. ಕತ್ತಲಾಗುತ್ತಿರುತ್ತದೆ, ಸೊಳ್ಳೆ ಕಚ್ಚುತ್ತಿರುತ್ತವೆ, ಮೀನು ಸಿಕ್ಕಿದ್ದರೆ ಖುಷಿ, ಸಿಗದಿದ್ದರೆ ಸಿಟ್ಟು. ಇನ್ನೂ ಬೆಳಕಿರುವಾಗಲೇ ಸುತ್ತಿಕೊಳ್ಳಲು ಶುರು ಮಾಡಿ. ಟವೆಲ್ ಮೇಲಿನದೆಲ್ಲ ಒಳಗೆ ಹೋದ ಮೇಲೆ ಮತ್ತೆ ಐದು ಬೆರಳು ಮಡಿಸಿ. ಏರಿ ಹತ್ತಿ ಬೈಕಿನ ಹತ್ತಿರ ನಿಂತು ಎಣಿಸಿದರೆ ಪ್ರಯೋಜನವಿಲ್ಲ, ಕೂತಿದ್ದ ಜಾಗದಲ್ಲೇ ಎಣಿಸಬೇಕು. ಕೊನೆಗೆ ಆ ಜಾಗದ ಮೇಲೆ ಒಮ್ಮೆ ಟಾರ್ಚ್ ಹರಿಸಿ.

ಮನೆಗೆ ಬಂದವರು ಮೀನು ಕ್ಲೀನ್ ಮಾಡುವುದಕ್ಕೆ ಓಡುತ್ತೀರಿ, ಸರಿ. ಆದರೆ ಸ್ನಾನಕ್ಕೆ ಹೋಗುವ ಮುಂಚೆ ಬಕೆಟ್ ತೊಳೆದು ಬೋರಲು ಹಾಕಿ. ಕೊಕ್ಕೆ ಒರೆಸಿ ಎಣ್ಣೆ ಹಚ್ಚಿ. ಹೌದು, ಈಗಲೇ, ಮುಂದಿನ ಸಲ ಹೊರಡುವ ಹಿಂದಿನ ರಾತ್ರಿ ಅಲ್ಲ. ಎಷ್ಟು ಕೊಕ್ಕೆ ಹೋದವು ನೋಡಿ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ, ಪೇಟೆಗೆ ಹೋದಾಗ ತಂದು ಹಾಕಿ, ಅಳಿಸಿ. ಬೆಳಿಗ್ಗೆ ಬಕೆಟ್ ಒಣಗಿದ ಮೇಲೆ ಎಲ್ಲ ಒಳಗಿಟ್ಟು ಮುಚ್ಚಳ ಹಾಕಿ ಮೆಟ್ಟಿಲ ಕೆಳಗೆ ತಳ್ಳಿ.

ಉಳಿದ ಎರೆಹುಳುಗಳನ್ನು ಮಾತ್ರ ಅವತ್ತೇ ಕರಿಬೇವಿನ ಗಿಡದ ಬುಡಕ್ಕೆ ಸುರಿದುಬಿಡಿ. ಡಬ್ಬಿಯಲ್ಲೇ ಮರೆತರೆ ಮೂರನೇ ದಿನಕ್ಕೆ ಅದು ಎಲ್ಲಿದೆ ಅಂತ ಮನೆಯವರೆಲ್ಲರಿಗೂ ಮೂಗಿನಿಂದಲೇ ಗೊತ್ತಾಗುತ್ತದೆ. ನಮ್ಮ ಮನೇಲಿ ಗೊತ್ತಾಗಿದ್ದು ನೆಂಟರು ಬಂದ ದಿನ.